ಕೊಯ್ಯುವ ಗಾಡಿಯ ಕೆಂಪು ದೀಪ

ಆ ಸೀಮೆಯಲ್ಲಿ ಒಬ್ಬರು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಹುಲ್ಲು ಮೊಣಕಾಲುದ್ದ ಬೆಳೆಯತೊಡಗಿ ಹನ್ನೆರಡು ವರ್ಷವಾಗಿತ್ತು. ಯಾರು ಎಲ್ಲಿಗೆ ಹೋಗಬೇಕಾದರೂ ಗುರುಸಂಗಪ್ಪ ಹುಲ್ಲು ಕೊಯ್ಯುವ ಗಾಡಿಯಲ್ಲಿ ಕರೆದೊಯ್ಯಬೇಕು; ಹಿಂದೆಯೇ ದಾರಿ ಮುಚ್ಚಿಕೊಳ್ಳುತ್ತಿತ್ತು. ಆ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ನರ್ಸ್ ಮಾಬೂಬಿ ಇದ್ದಳು. ತೋಟದ ಮನೆಯಲ್ಲಿ ಚೊಚ್ಚಲ ಬಸುರಿಯೊಬ್ಬಳು ಎರಡು ದಿನದಿಂದ ಬೇನೆ ತಿನ್ನುತ್ತಿದ್ದಳು.

ಅರ್ಧ ದಾರಿಯಲ್ಲಿ ಇಂಜಿನ್ ಕಾದಿದೆಯೆಂದು ಕೆಂಪು ದೀಪ ಹತ್ತಿತು. ಓಡಿಸಿದರೆ ಇಂಜಿನ್ ಸುಡುತ್ತದೆ, ನಿಂತರೆ ಹುಲ್ಲು ನುಂಗುತ್ತದೆ. ಗುರುಸಂಗಪ್ಪ ಇಳಿದು ಎಣ್ಣೆ ನೋಡಿದ, ಸರಿಯಿತ್ತು. ದೀಪದ ತಂತಿ ಎಳೆದು ನೋಡಿದ, ಗಟ್ಟಿಯಿತ್ತು. ಇಂಜಿನ್ನಿನ ಪಕ್ಕದ ಕಿಂಡಿಗಳ ಕಸ ಕೆದರಿದ. ದೀಪ ಆರಲಿಲ್ಲ. ಹುಲ್ಲು ಮೊಣಕಾಲಿಗೆ ಬಂತು.

"ಶಿವನೇ, ಆ ಹುಡುಗಿ ಜೀವಾ ನನ್ನ ಕೈಯಾಗ ಇಟ್ಟೀಯಲ್ಲಪ್ಪಾ!"

ಮಾಬೂಬಿ ಬಾನೆಟ್ಟಿನ ಮೇಲಿನ ಜಾಲರಿ ತೋರಿಸಿದಳು. ಹೆಂಡತಿ ತೀರಿಕೊಂಡು ವರ್ಷ ತುಂಬಿತೆಂದು ಅವನು ನಿನ್ನೆ ಅವಳ ದೊಡ್ಡ ಫೋಟೋವನ್ನು ಹಾರ ಹಾಕಿ ಅಲ್ಲಿ ಕಟ್ಟಿದ್ದ.

"ಕಾಕಾ, ಸಿಟ್ಟಾಗಬ್ಯಾಡ್ರಿ. ಕಾಕು ಗಾಳಿಗೆ ಅಡ್ಡ ಕುಂತಾರ."

"ಅಲ್ಲಿದ್ರ ಆಕಿಗೂ ದಾರಿ ಕಾಣತೈತಿ ಅಂತ..." ಅವನು ಹಾರ ಕಿತ್ತು, ಫೋಟೋ ಬಿಚ್ಚಿ ಮಾಬೂಬಿಯ ಮಡಿಲಿಗಿಟ್ಟ. ಫ್ಯಾನು ಗಾಳಿ ಎಳೆದುಕೊಂಡಿತು. ಹುಲ್ಲು ಸೊಂಟ ಮುಟ್ಟುವಷ್ಟರಲ್ಲಿ ದೀಪ ಆರಿತು.

"ಬಿಗಿಯಾಗಿ ಹಿಡ್ಕೋವಾ. ಗಾಡಿ ಜೋರ್ ಹೋದ್ರ ಆಕಿಗೆ ಅಂಜಿಕಿ," ಎಂದವನೇ ಗುರುಸಂಗಪ್ಪ ಗಾಡಿಯನ್ನು ಎಂದೂ ಬಿಡದ ವೇಗದಲ್ಲಿ ಬಿಟ್ಟ.