ಗುರುಗಳ ಸಹಿ

ಶಿಷ್ಯನಿಗೆ ಹೊರದೇಶದ ವೀಸಾ ಬೇಕಾಗಿತ್ತು. ಅಸಾಧಾರಣ ಪ್ರತಿಭೆ ಇರುವವರಿಗೆ ಮಾತ್ರ ಕೊಡುವ ವೀಸಾ ಅದು. ಅರ್ಜಿಯ ಜೊತೆ ದೊಡ್ಡ ವಿದ್ವಾಂಸರೊಬ್ಬರ ಪತ್ರ ಇರಬೇಕು. ವಕೀಲರಿಂದ ಪತ್ರ ಟೈಪ್ ಮಾಡಿಸಿಕೊಂಡೇ ಅವನು ಗುರುಗಳ ಮನೆಗೆ ಬಂದ.

ಗುರುಗಳು ಕನ್ನಡಕ ಏರಿಸಿಕೊಂಡು ಓದಿದರು. ‘ಮೋರ್ಸಿಂಗ್ ನುಡಿಸುವುದರಲ್ಲಿ ಇವನು ನನ್ನನ್ನು ಎಂದೋ ಮೀರಿಸಿದ್ದಾನೆ. ಇವನ ಮುಂದೆ ನನ್ನದು ಸಾಧಾರಣ ವಿದ್ಯೆ.’

“ಇಷ್ಟೆಲ್ಲ ಬರೀಬೇಕೇನೋ?”

“ಹೀಗೆ ಬರೆದ್ರೇನೇ ಅವರು ವೀಸಾ ಕೊಡೋದು, ಗುರುಗಳೇ. ಇದನ್ನ ಯಾರು ನೋಡ್ತಾರೆ? ಫೈಲ್ ಒಳಗೆ ಬಿದ್ದಿರುತ್ತೆ ಅಷ್ಟೆ.”

“ರೀ, ಅದಕ್ಕೆ ಸಹಿ ಹಾಕ್ಬೇಡಿ,” ಎಂದು ಒಳಗಿನಿಂದ ಹೆಂಡತಿ ಕೂಗಿದರು.

“ಹೋಗ್ಲಿ ಬಿಡೇ, ಹುಡುಗ ಉದ್ಧಾರ ಆಗ್ಲಿ,” ಎಂದು ಗುರುಗಳು ಸಹಿ ಹಾಕಿದರು. ಶಿಷ್ಯ ಅವರ ಕಾಲಿಗೆ ಬಿದ್ದು ಹೊರಟ.

ನಾಲ್ಕು ವರ್ಷದ ಮೇಲೆ ಅದೇ ದೇಶದ ಸಂಗೀತ ಶಾಲೆಯೊಂದು ಗುರುಗಳನ್ನು ಪಾಠ ಹೇಳಲು ಕರೆಯಿತು. ಅದೇ ವೀಸಾ, ಅದೇ ಅರ್ಜಿ. ಅಲ್ಲಿ ಹೆಸರು ಮಾಡಿದವರೊಬ್ಬರ ಪತ್ರ ತರಿಸಿ ಎಂದರು ವಕೀಲರು. ಗುರುಗಳು ಖುಷಿಯಿಂದ ಶಿಷ್ಯನಿಗೆ ಫೋನ್ ಮಾಡಿದರು.

“ನನ್ನ ವಿದ್ಯೆ ಅಸಾಧಾರಣ ಅಂತ ನೀನೊಂದು ಕಾಗದ ಬರೆದುಕೊಡಪ್ಪ, ಸಾಕು.”

ಆ ಕಡೆಯಿಂದ ಶಿಷ್ಯ ಹೇಳಿದ,

“ನಿಮ್ಮದು ಸಾಧಾರಣ ವಿದ್ಯೆ ಅಂತ ನನ್ನ ಫೈಲ್‌ನಲ್ಲಿ ನಿಮ್ಮ ಸಹಿಯೇ ಇದೆಯಲ್ಲ ಗುರುಗಳೇ, ಅದು ಸುಳ್ಳು ಅಂತ ನಾನು ಹೇಗೆ ಬರೀಲಿ?”