ನಾಲಿಗೆಯಡಿಯ ಮಾತ್ರೆ

ಮನುಷ್ಯರ ಕರುಳು ಗಿಡಮೂಲಿಕೆಯ ಸತ್ವ ಹೀರುವುದನ್ನು ಮರೆತು ಹನ್ನೆರಡು ವರ್ಷವಾಗಿತ್ತು. ಹೀರುಮಾತ್ರೆ ನುಂಗದೆ ಎಷ್ಟು ಕಷಾಯ ಕುಡಿದರೂ ಅದು ನೀರಿನಂತೆ ಹರಿದುಹೋಗುತ್ತಿತ್ತು. ಆ ಮಾತ್ರೆಯನ್ನು ಸರಕಾರಿ ವಿತರಣಾ ಕೇಂದ್ರದ ಕಿಟಕಿಯ ಮುಂದೆಯೇ ನುಂಗಿ, ಬಾಯಿ ತೆರೆದು ತೋರಿಸಬೇಕಿತ್ತು.

“ನನ್ನ ತಂಗಿ ಹಾಸಿಗಿ ಬಿಟ್ಟು ಏಳಂಗಿಲ್ಲೋ ತಮ್ಮಾ. ಆಡುಸೋಗಿ ಕಷಾಯ ಕುಡಿಸಿ ಕುಡಿಸಿ ನನ್ನ ಕೈ ಸೋತಾವ, ಆಕಿ ಉಬ್ಬಸ ಇಳಿವಲ್ದು. ಆಕಿ ಮಾತ್ರಿ ನನ್ನ ಕೈಯಾಗ ಕೊಡು,” ಎಂದಳು ಸಾತವ್ವ.

“ಆಕೀನ ಬರಬೇಕು ಅಜ್ಜಿ. ನಿಮ್ಮದು ನೀವು ನುಂಗ್ರಿ,” ಎಂದ ಗುಮಾಸ್ತ, ತಲೆ ಎತ್ತದೆ.

“ನಡೀಲಾರದಾಕಿನ್ನ ಹೆಗಲ ಮ್ಯಾಲೆ ಹೊತ್ತು ತರ್ಲೇನು?”

“ಜಲ್ದಿ ನುಂಗಬೇ, ಜಗಳ ನಾಳೆ ಮಾಡೀಯಂತ!” ಎಂದು ಸಾಲಿನಲ್ಲಿ ಯಾರೋ ನಕ್ಕರು.

ಸಾತವ್ವನಿಗೆ ಮೈ ಉರಿಯಿತು. ತನ್ನ ಮಂಡಿನೋವಿನ ಕಷಾಯಕ್ಕೆಂದು ಕೊಟ್ಟ ಮಾತ್ರೆಯನ್ನು ಬಾಯಿಗೆ ಹಾಕಿ, ನಾಲಿಗೆಯಡಿಗೆ ತಳ್ಳಿ, ನೀರು ಕುಡಿದಳು.

“ಆ ಅನ್ರಿ. ನಾಲಿಗಿ ಎತ್ರಿ.”

ಎತ್ತಿದಳು. ಕೆಂಪು ಮಾತ್ರೆ ಅಲ್ಲೇ ಕೂತಿತ್ತು. ಗುಮಾಸ್ತ ಟಾರ್ಚಿನ ಬೆಳಕು ಬಿಟ್ಟು ಅದನ್ನು ನೋಡಿದ. ಆಮೇಲೆ, ಹಿಂದೆ ಕೂತ ಮೇಲ್ವಿಚಾರಕನಿಗೆ ಕೇಳುವಂತೆ, “ನುಂಗ್ಯಾರ! ಮುಂದಿನವರು ಬರ್ರಿ!” ಎಂದು ಕೂಗಿದ.

ಸಾತವ್ವನಿಗೆ ಗುಮಾಸ್ತನನ್ನು ಹರಸಬೇಕೆನಿಸಿತು, ಆ ಮೇಲ್ವಿಚಾರಕನಿಗೆ ಉಗಿಯಬೇಕೆನಿಸಿತು. ಬಾಯಿ ತೆರೆಯುವಂತಿರಲಿಲ್ಲ. ಗೇಟು ದಾಟಿದ ಮೇಲೆ ಮಾತ್ರೆಯನ್ನು ತೆಗೆದು, ಒರೆಸಿ, ತಂಗಿಗೆಂದು ಸೆರಗಿನ ತುದಿಗೆ ಭದ್ರವಾಗಿ ಕಟ್ಟಿದಳು. ನಂತರ ಕಟ್ಟಡದ ಕಡೆ ತಿರುಗಿ ನಿಂತಳು.

“ಉಸಿರಾಡಾಕೂ ನಿಮ್ಮ ಮುಂದ ಬಾಯಿ ತೆರೀಬೇಕೇನ್ರೋ, ಹಾಳಾದವರಾ!”

ಓಣಿಗೆ ಓಣಿಯೇ ತಿರುಗಿ ನೋಡಿತು. ಸಾತವ್ವ ನೋಯುವ ಮಂಡಿಯ ಮೇಲೇ ಬಿರಬಿರನೆ ಮನೆಗೆ ನಡೆದಳು.