ಇಂಜಿನ್ನಿಗೆ ಕಲಾಯಿ

ಕಲಾಯಿಯವನ ನವಸಾಗರದ ಹೊಗೆ ಮೂಗಿಗೆ ಬಡಿದರೆ ಈಗಲೂ ಹನೂರಿನ ನಮ್ಮ ಜಗಲಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ನನ್ನ ಅವ್ವ ತೀರಿಕೊಂಡ ಮೇಲೆ ಅಪ್ಪ ಮಾತು ಬಿಟ್ಟಿದ್ದರು. ರೈಲೇ ಕಾಣದ ನಮ್ಮೂರಿಗೆ, ಕೊಳ್ಳೇಗಾಲದ ಹಳೇ ಪಾತ್ರೆ ಅಂಗಡಿಯಿಂದ ಗೇಣುದ್ದದ ಹಿತ್ತಾಳೆ ಉಗಿ ಇಂಜಿನ್ ತಂದಿದ್ದರು. ಸಂಜೆಯೆಲ್ಲ ಅದರ ಮುಂದೆಯೇ. ಮುರಿದ ಹೊಗೆಕೊಳವೆಯ ಜಾಗಕ್ಕೆ ಹೊಸದನ್ನು ಬೆಸೆದರು, ಬಿಗಿದುಹೋಗಿದ್ದ ಚಕ್ರಗಳನ್ನು ಉಜ್ಜಿ ಉಜ್ಜಿ ತಿರುಗಿಸಿದರು. ನಾನು ಹತ್ತಿರ ಹೋದರೆ, "ಮುಟ್‌ಬ್ಯಾಡ ಮಗಾ" ಎನ್ನುತ್ತಿದ್ದರು, ಅಷ್ಟೇ.

ಆ ದಿನ ಅಪ್ಪ ಹೊಲಕ್ಕೆ ಹೋಗಿದ್ದಾಗ ಅಜ್ಜಿ ಪಾತ್ರೆಗಳ ಜೊತೆ ಅದನ್ನೂ ಕಲಾಯಿಯವನ ಮುಂದಿಟ್ಟಳು. "ಒಳೀಕೆ ನೀರು ಉಯ್ಯೋದು ತಾನೆ, ಕಿಲುಬು ಕಟ್ತದೆ. ಇದ್ಕೂ ಒಸಿ ಕಲಾಯಿ ಆಕ್ಬುಡಪ್ಪ." ಅವನು ಕೆಂಡದ ಮೇಲಿಟ್ಟು ತಿದಿ ಒತ್ತುತ್ತಿದ್ದಂತೆ ಬೆಸುಗೆಯೆಲ್ಲ ಕರಗಿತು. ಕೊಳವೆ ವಾಲಿತು. ಚಕ್ರಗಳು ಬೂದಿಗೆ ಬಿದ್ದವು.

ಅಪ್ಪ ಬಂದಾಗ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. "ಓಗ್ಲಿ ಬುಡವ್ವ, ನೀ ಒಳ್ಳೇದಾಗ್ಲಿ ಅಂತ್ಲೇ ಮಾಡ್ದೆ" ಎಂದರು ಅಪ್ಪ.

ಬೂದಿಯಿಂದ ಚಕ್ರವೊಂದನ್ನು ಹೆಕ್ಕಿ, ಪಂಚೆಯ ಅಂಚಿನಲ್ಲಿ ಒರೆಸಿ, ನನ್ನ ಅಂಗೈಗಿಟ್ಟರು. ಅದಿನ್ನೂ ಬೆಚ್ಚಗಿತ್ತು.

"ತಕೋ ಮಗಾ, ಇನ್ ಮುಟ್‌ಬೋದು."